ಶಟರ್ ಎಳೆದಾಯ್ತು, ಫೋನಿಗೆ ಬೀಗ ಹಾಕಿದ್ದೀರಾ?

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಅಂಗಡಿ ಉಂಟು? ಜೀನಸಿನ ಅಂಗಡಿಯೇ ಆಗಬೇಕೆಂದಿಲ್ಲ. ಬದಿಯಡ್ಕದಲ್ಲಿ ಅಡಿಕೆ ವ್ಯಾಪಾರ ಇರಬಹುದು, ಸೊಲ್ಲಾಪುರದಲ್ಲಿ ಚಾದರದ ಮಗ್ಗ ಇರಬಹುದು. ಆದೋನಿಯ ಹತ್ತಿ ಮಂಡಿ, ಹೊಸೂರಿನ ಗುಲಾಬಿ ವ್ಯಾಪಾರ, ಅಥವಾ ಅಮ್ಮ ಮನೆಯ ಜಗಲಿಯಲ್ಲೇ ಮೆಷಿನು ಇಟ್ಟು ನಡೆಸುವ ಟೈಲರಿಂಗು ಕೂಡ ಆದೀತು. ಈಗ ಇನ್ನೊಂದು ಪ್ರಶ್ನೆ. ಅಂಗಡಿಯ ಫೋನು ಹ್ಯಾಂಗ್ ಆದರೆ, ಆ್ಯಪ್ ತೆರೆಯದಿದ್ದರೆ, ಏನೋ ಒಂದು ಇಂಗ್ಲಿಷ್ ಮೆಸೇಜು ಬಂದರೆ ದೊಡ್ಡವರು ಯಾರನ್ನು ಕರೆಯುತ್ತಾರೆ? ಹೆಚ್ಚಿನ ಮನೆಗಳಲ್ಲಿ ನಿಮ್ಮನ್ನೇ. "ಇದೊಂದು ನೋಡು ಮಗಾ" ಅಂತ ಫೋನು ನಿಮ್ಮ ಕೈಗೆ ಬರ್ತದೆ. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆ ಒಂದು ಇಡೀ ವಿಭಾಗವೇ ಇರುತ್ತದೆ. ಸಣ್ಣ ಅಂಗಡಿಯಲ್ಲಿ ಆ ವಿಭಾಗ ಅಂದ್ರೆ ಎಂಟನೆಯ ಕ್ಲಾಸಿನ ಒಬ್ಬ ಹುಡುಗಿ ಅಥವಾ ಹುಡುಗ. ಈ ಲೇಖನ ಆ ವಿಭಾಗದವರಿಗೆ.

ಮೊದಲು ಅಂಗಡಿಯಲ್ಲಿ ಬೆಲೆಬಾಳುವುದು ಯಾವುದು ಅಂತ ನೋಡೋಣ. ಅಕ್ಕಿ ಮೂಟೆ, ಎಣ್ಣೆ ಡಬ್ಬ, ಗಲ್ಲಾಪೆಟ್ಟಿಗೆಯ ಹಣ ಇವೆಲ್ಲ ರಾತ್ರಿ ಶಟರಿನ ಒಳಗೆ ಭದ್ರ. ಆದರೆ ಯಾರು ಎಷ್ಟು ಸಾಲ ಇಟ್ಟಿದ್ದಾರೆ, ಯಾವ ಡೀಲರಿಗೆ ಎಷ್ಟು ಕೊಡಬೇಕು, ಜಿ.ಎಸ್.ಟಿ. ಬಿಲ್ಲುಗಳು ಎಲ್ಲಿ, ಗಿರಾಕಿಗಳ ಫೋನ್ ನಂಬರು ಯಾವುದು? ಹಿಂದೆ ಇದೆಲ್ಲ ಕೆಂಪು ಬಟ್ಟೆ ಸುತ್ತಿದ ಲೆಕ್ಕದ ಪುಸ್ತಕದಲ್ಲಿತ್ತು. ಈಗ ಒಂದು ಫೋನಿನಲ್ಲಿ ಅಥವಾ ಹಳೆಯ ಕಂಪ್ಯೂಟರಿನಲ್ಲಿ ಉಂಟು. ಅಕ್ಕಿ ಮೂಟೆ ಹೋದರೆ ಇನ್ನೊಂದು ತರಬಹುದು. ಸಾಲದ ಲೆಕ್ಕ ಹೋದರೆ? ಕೊಡಬೇಕಾದವರು ತಾವಾಗಿ ಬಂದು "ನಾನು ಇಷ್ಟು ಕೊಡ್ಲಿಕ್ಕುಂಟು" ಅಂತ ಹೇಳಬೇಕಷ್ಟೆ.

ಲೆಕ್ಕ ಹೋದರೆ ವ್ಯಾಪಾರವೇ ಮುಳುಗುತ್ತದಾ? ಮುಳುಗಿದ ಉದಾಹರಣೆ ಉಂಟು. ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರಿನಲ್ಲಿ 'ನೈಟ್ಸ್ ಆಫ್ ಓಲ್ಡ್' ಎಂಬ ಸರಕು ಸಾಗಣೆ ಸಂಸ್ಥೆ ಇತ್ತು. 1865ರಲ್ಲಿ ಆರಂಭವಾದದ್ದು. ಕೆ.ಎನ್.ಪಿ. ಎಂಬ ಸಮೂಹದ ಭಾಗವಾಗಿ ಅದರ ಸುಮಾರು 500 ಲಾರಿಗಳು ಓಡುತ್ತಿದ್ದವು. 2023ರಲ್ಲಿ 'ಅಕಿರಾ' ಎಂಬ ಕಳ್ಳರ ಗುಂಪು ಅವರ ಕಂಪ್ಯೂಟರ್ ಜಾಲಕ್ಕೆ ನುಗ್ಗಿ ಎಲ್ಲ ಕಡತಗಳಿಗೂ ಬೀಗ ಜಡಿಯಿತು. ಲಾರಿಗಳು ಇದ್ದವು, ಚಾಲಕರು ಇದ್ದರು, ಸರಕೂ ಇತ್ತು. ಆದರೆ ಲೆಕ್ಕಪತ್ರ ಕೈಗೆ ಸಿಗದೆ ಹೋಯಿತು. ಅದೇ ವರ್ಷ ಸಂಸ್ಥೆ ಮುಚ್ಚಿತು, ಸುಮಾರು 700 ಜನ ಕೆಲಸ ಕಳೆದುಕೊಂಡರು. ಕಳ್ಳರು ಒಳಗೆ ಬಂದದ್ದು ಹೇಗೆ? ಒಬ್ಬ ನೌಕರರ ದುರ್ಬಲ ಪಾಸ್‌ವರ್ಡನ್ನು ಊಹಿಸಿ ಬಂದಿರಬೇಕು ಅಂತ ಕಂಪನಿಯವರ ಅಂದಾಜು. ಆ ನೌಕರರಿಗೆ ಅದು ನಿಮ್ಮ ಪಾಸ್‌ವರ್ಡಿನಿಂದ ಆದದ್ದು ಅಂತ ತಾವು ಹೇಳಿಲ್ಲ ಎಂದು ನಿರ್ದೇಶಕರು ಆಮೇಲೆ ತಿಳಿಸಿದರು. ಹೇಳದೇ ಇದ್ದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. 158 ವರ್ಷದ ಸಂಸ್ಥೆ ಒಂದು ಶಬ್ದದ ಮೇಲೆ ನಿಂತಿತ್ತು ಅಂದ್ರೆ ತಪ್ಪು ಒಬ್ಬರದ್ದಲ್ಲ.

ಪಾಸ್‌ವರ್ಡನ್ನು ಊಹಿಸುವುದು ಅಂದ್ರೆ ಏನು? ಇಲ್ಲಿ ನಿಮ್ಮ ಗಣಿತ ಬೇಕಾಗ್ತದೆ. ನಾಲ್ಕು ಅಂಕಿಯ ಪಿನ್ ತೆಗೆದುಕೊಳ್ಳಿ. ಪ್ರತಿ ಸ್ಥಾನಕ್ಕೂ 10 ಆಯ್ಕೆ, ಹಾಗಾಗಿ ಒಟ್ಟು 10,000 ಪಿನ್‌ಗಳು ಸಾಧ್ಯ. ಅದರಲ್ಲಿ ನೀವು ಹುಟ್ಟಿದ ದಿನ ಮತ್ತು ತಿಂಗಳು ಹಾಕಿದ್ದೀರಿ ಅಂತ ಕಳ್ಳನಿಗೆ ಗೊತ್ತಾದರೆ ಉಳಿಯುವುದು ಬರೇ 366. ಹಾಗಾದರೆ ಎಟಿಎಂನವರು ನಾಲ್ಕೇ ಅಂಕಿ ಸಾಕು ಅಂತ ಯಾಕೆ ಬಿಟ್ಟಿದ್ದಾರೆ? ಮೂರು ನಾಲ್ಕು ಸಲ ತಪ್ಪಾದ ಕೂಡಲೇ ಯಂತ್ರ ಕಾರ್ಡನ್ನು ತಡೆಯುತ್ತದೆ, ಅದಕ್ಕೆ. ಬೀಗದ ಗಟ್ಟಿತನ ಇರುವುದು ಬೀಗದಲ್ಲಿ ಮಾತ್ರ ಅಲ್ಲ. ಕಳ್ಳನಿಗೆ ಎಷ್ಟು ಸಲ ಪ್ರಯತ್ನಿಸಲು ಬಿಡುತ್ತೀರಿ ಎಂಬುದರಲ್ಲೂ ಉಂಟು.

ಆದರೆ ಕೆಲವು ಸಲ ಕಳ್ಳರು ಯಾವುದಾದರೂ ವೆಬ್‌ಸೈಟಿನಿಂದ ಪಾಸ್‌ವರ್ಡುಗಳ ಗುಪ್ತ ಪಟ್ಟಿಯನ್ನೇ ಹೊತ್ತೊಯ್ಯುತ್ತಾರೆ. ಆಗ ಅವರನ್ನು ತಡೆಯುವವರಿಲ್ಲ. ಮನೆಯಲ್ಲಿ ಕೂತು ಕಂಪ್ಯೂಟರಿನಿಂದ ಎಷ್ಟು ಸಲ ಬೇಕಾದರೂ ಊಹಿಸಬಹುದು. ಒಂದು ಸೆಕೆಂಡಿಗೆ 100 ಕೋಟಿ ಊಹೆ ಅಂತ ಇಟ್ಟುಕೊಳ್ಳಿ. ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳ ಪಾಸ್‌ವರ್ಡಿಗೆ 26ರ ಘಾತ 8, ಅಂದ್ರೆ ಸುಮಾರು 20,883 ಕೋಟಿ ಸಾಧ್ಯತೆ. ದೊಡ್ಡ ಸಂಖ್ಯೆ, ಅಲ್ವಾ? ಭಾಗಿಸಿ ನೋಡಿ. 209 ಸೆಕೆಂಡ್. ಮೂರೂವರೆ ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಈಗ ಎಂಟರ ಬದಲು ಹನ್ನೆರಡು ಅಕ್ಷರ ಮಾಡಿ. ಸೇರಿಸಿದ್ದು ನಾಲ್ಕೇ ಅಕ್ಷರ, ಆದರೆ ಸಮಯ ಮೂರು ವರ್ಷಕ್ಕೆ ಹೋಯಿತು. ಪ್ರತಿ ಅಕ್ಷರವೂ 26 ಪಟ್ಟು ಹೆಚ್ಚಿಸುತ್ತದೆ. ಎಂಟು ಅಕ್ಷರದ ಒಳಗೆ ಒಂದು ವಿಚಿತ್ರ ಚಿಹ್ನೆ ತುರುಕುವುದಕ್ಕಿಂತ ಉದ್ದ ಮಾಡುವುದೇ ಹೆಚ್ಚು ಲಾಭ.

ಉದ್ದ ಮಾಡಿದರೆ ನೆನಪಿಡುವುದು ಹೇಗೆ ಅಂತ ನೀವು ಕೇಳ್ತೀರಿ. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು ಒಂದು ಚಂದದ ಉಪಾಯ ಹೇಳಿದರು: ದಾಳ ಹಾಕಿ ಪಾಸ್‌ವರ್ಡ್ ಮಾಡುವುದು. ಒಂದು ದಾಳವನ್ನು ಐದು ಸಲ ಎಸೆದರೆ 6ರ ಘಾತ 5, ಅಂದ್ರೆ 7,776 ಬೇರೆ ಬೇರೆ ಫಲಿತಾಂಶ ಸಾಧ್ಯ. ಅಷ್ಟೇ ಶಬ್ದಗಳ ಒಂದು ಪಟ್ಟಿ ಮಾಡಿ, ದಾಳ ತೋರಿಸಿದ ಶಬ್ದವನ್ನು ಆರಿಸಬೇಕು. ಇಂಥ ಐದು ಶಬ್ದಗಳನ್ನು ಜೋಡಿಸಿದರೆ ನಮ್ಮ ಅದೇ ವೇಗದ ಕಳ್ಳನಿಗೆ ಎಲ್ಲವನ್ನೂ ಪರೀಕ್ಷಿಸಲು 900 ವರ್ಷ ಬೇಕು. ನೆನಪಿಡುವುದೋ ಸುಲಭ. ತೆಂಗು, ಇಸ್ತ್ರಿ, ನವಿಲು, ರಸೀದಿ, ಮಂಗಳವಾರ. ಒಂದು ನವಿಲು ತೆಂಗಿನ ಮರದಲ್ಲಿ ಕೂತು ಮಂಗಳವಾರ ರಸೀದಿಗೆ ಇಸ್ತ್ರಿ ಹಾಕುತ್ತಿದೆ ಅಂತ ಕಲ್ಪಿಸಿಕೊಂಡರೆ ಮರೆತು ಹೋಗುವುದಿಲ್ಲ. (ಇದನ್ನೇ ಇಟ್ಟುಕೊಳ್ಳಬೇಡಿ. ಪತ್ರಿಕೆಯಲ್ಲಿ ಅಚ್ಚಾದದ್ದು ಗುಟ್ಟಲ್ಲ!) ಒಂದು ಮಾತು ಮುಖ್ಯ: ಶಬ್ದವನ್ನು ದಾಳ ಆರಿಸಬೇಕು, ನೀವಲ್ಲ. ನಾವು ಆರಿಸಿದರೆ ಮಗುವಿನ ಹೆಸರು, ಮನೆದೇವರ ಹೆಸರು, ಅಂಗಡಿಯ ಹೆಸರು ಇವೇ ಬರುತ್ತವೆ. ಕಳ್ಳ ಮೊದಲು ಪರೀಕ್ಷಿಸುವುದೂ ಅವನ್ನೇ. ಇನ್ನೊಂದು, ಅಂಗಡಿಯ ಇಮೇಲಿಗೆ ಹಾಕಿದ ಪಾಸ್‌ವರ್ಡನ್ನು ಆಟದ ಆ್ಯಪಿಗೆ ಹಾಕಬೇಡಿ. ಆಟದ ಕಂಪನಿಯಲ್ಲಿ ಸೋರಿಕೆಯಾದರೆ ನಿಮ್ಮ ಗಲ್ಲಾಪೆಟ್ಟಿಗೆಯ ಕೀಲಿಯೂ ಹೋಗ್ತದೆ.

ಪಾಸ್‌ವರ್ಡ್ ಗಟ್ಟಿ ಇದ್ದರೂ ಕಳ್ಳ ಬರುವ ಇನ್ನೊಂದು ದಾರಿ ಉಂಟು. ವಯನಾಡಿನ ಮಕ್ಕಳು ಗಮನವಿಟ್ಟು ಓದಿ, ಇದು ನಿಮ್ಮ ಜಿಲ್ಲೆಯ ಕಥೆ. 2017ರ ಮೇ 12, ಶುಕ್ರವಾರ. 'ವಾನಾಕ್ರೈ' ಎಂಬ ದುಷ್ಟ ತಂತ್ರಾಂಶ ಜಗತ್ತಿನ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಹರಡಿತು. ಶನಿವಾರ, ಆದಿತ್ಯವಾರ ಕಳೆದು ಸೋಮವಾರ ವಯನಾಡಿನ ತರಿಯೋಡು ಪಂಚಾಯತ್ ಕಚೇರಿಯ ಕಂಪ್ಯೂಟರ್ ತೆರೆದರೆ ಪರದೆಯ ಮೇಲೆ ಬೇಡಿಕೆ: 300 ಡಾಲರ್ ಕೊಡಿ, ಇಲ್ಲವಾದರೆ ಕಡತಗಳು ಸಿಗುವುದಿಲ್ಲ. ಲಂಡನ್ನಿನ ಆಸ್ಪತ್ರೆಗಳನ್ನು ಹಿಡಿದ ರೋಗ ಬೆಟ್ಟದ ಮೇಲಿನ ಪಂಚಾಯತನ್ನೂ ಬಿಡಲಿಲ್ಲ. "ನಮ್ಮಂಥ ಸಣ್ಣವರನ್ನು ಯಾರು ಕೇಳ್ತಾರೆ" ಎಂಬ ಮಾತನ್ನು ಅಂಗಡಿಗಳಲ್ಲಿ ಬಹಳ ಕೇಳುತ್ತೇವೆ. ವಾನಾಕ್ರೈ ಯಾರನ್ನೂ ಹುಡುಕಿಕೊಂಡು ಬಂದದ್ದಲ್ಲ. ಬಾಗಿಲು ತೆರೆದ ಮನೆಗಳಿಗೆಲ್ಲ ತಾನಾಗಿ ನುಗ್ಗಿತು.

ಅದು ಮಾಡಿದ್ದೇನು ಅಂತ ಸುಲಭವಾಗಿ ನೋಡೋಣ. 'ಕಮಲ' ಎಂಬ ಶಬ್ದದ ಪ್ರತಿ ಅಕ್ಷರವನ್ನೂ ವರ್ಣಮಾಲೆಯಲ್ಲಿ ಒಂದು ಮನೆ ಮುಂದೆ ಸರಿಸಿ. 'ಖಯವ' ಆಯಿತು. ಕೀಲಿ 'ಒಂದು' ಎಂದು ಗೊತ್ತಿದ್ದವರು ಹಿಂದೆ ಸರಿಸಿ ಓದಬಹುದು. ವಾನಾಕ್ರೈ ಬಳಸಿದ ಗೂಢಲಿಪಿಯ ಕೀಲಿ ಮಾತ್ರ 128 ಬಿಟ್ ಉದ್ದದ್ದು. ಅಂದ್ರೆ ಸಾಧ್ಯವಿರುವ ಕೀಲಿಗಳ ಸಂಖ್ಯೆ 2ರ ಘಾತ 128. ಬರೆದರೆ 39 ಅಂಕಿಗಳು. ಇದನ್ನು ಊಹಿಸುವ ಮಾತೇ ಇಲ್ಲ. ತಮಾಷೆ ಅಂದ್ರೆ, ನಿಮ್ಮ ಬ್ಯಾಂಕ್ ವ್ಯವಹಾರವನ್ನು ಕಾಪಾಡುವುದೂ ಇದೇ ಗಣಿತ. ಕತ್ತಿ ಅಡಿಕೆಯನ್ನೂ ಸುಲಿಯುತ್ತದೆ, ಕೈಯನ್ನೂ ಕುಯ್ಯುತ್ತದೆ.

ಈ ಕಥೆಯಲ್ಲಿ ಬೇಸರದ ಸಂಗತಿ ಯಾವುದು ಗೊತ್ತುಂಟಾ? ವಿಂಡೋಸಿನಲ್ಲಿದ್ದ ಆ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ದಾಳಿಗೆ 59 ದಿನ ಮೊದಲು! ಅಪ್‌ಡೇಟ್ ಮಾಡಿದವರು ಪಾರಾದರು. "ಅಪ್‌ಡೇಟ್ ಮಾಡಲೇ?" ಅಂತ ಫೋನು ಕೇಳಿದಾಗ ನಾವು "ನಾಳೆ" ಒತ್ತುತ್ತೇವೆ. ಡೇಟಾ ಖರ್ಚಾಗ್ತದೆ, ಗಿರಾಕಿ ನಿಂತಿದ್ದಾರೆ, ಫೋನು ನಿಧಾನ ಆಗ್ತದೆ. ಕಾರಣಗಳು ಸುಳ್ಳಲ್ಲ. ಅದಕ್ಕೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಅಂಗಡಿಗೆ ರಜೆಯಿರುವ ದಿನ ರಾತ್ರಿ ಚಾರ್ಜಿಗೆ ಹಾಕಿ ಅಪ್‌ಡೇಟ್ ಒತ್ತಿ ಮಲಗಿದರೆ ಆಯಿತು. ಕೇರಳದ ಶಾಲೆಗಳಲ್ಲಿ ಲಿಟಲ್ ಕೈಟ್ಸ್ ಸದಸ್ಯರಾಗಿರುವವರು "ನಮ್ಮದು ಉಬುಂಟು, ನಮಗೆ ಬರೂದಿಲ್ಲ" ಅಂತ ಹೇಳಬಹುದು. ವಾನಾಕ್ರೈ ಮಟ್ಟಿಗೆ ಸರಿ, ಅದು ವಿಂಡೋಸಿನ ತೂತನ್ನೇ ಹಿಡಿದು ಬಂದದ್ದು. ಆದರೆ ತೂತಿಲ್ಲದ ತಂತ್ರಾಂಶ ಯಾವುದೂ ಇಲ್ಲ. ಉಬುಂಟುವಿಗೂ ತೇಪೆಗಳು ಬರುತ್ತಲೇ ಇರುತ್ತವೆ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಕೆಡಬಹುದು. ಕಳ್ಳನೇ ಬರಬೇಕೆಂದಿಲ್ಲ. ನಮ್ಮ ಕಾಸರಗೋಡಿನ ಕಡೆ ತುಲಾ ತಿಂಗಳ ಸಿಡಿಲು ಸಾಕು, ಮೋಡೆಮಿನಿಂದ ಹಿಡಿದು ಕಂಪ್ಯೂಟರಿನವರೆಗೆ ಒಂದೇ ಏಟಿಗೆ ಸುಟ್ಟು ಹೋಗ್ತದೆ. ಫೋನು ಬಾವಿಗೆ ಬಿದ್ದರೂ ಅಷ್ಟೇ. ಬಿದ್ದ ಮೇಲೆ ಎಷ್ಟು ಬೇಗ ಏಳಬಹುದು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಬೇಕಾದದ್ದು ನಕಲು.

ನಕಲಿನ ಬೆಲೆ ತಿಳಿಯಲು ಡೆನ್ಮಾರ್ಕಿನ ಮೇರ್ಸ್ಕ್ ಕಂಪನಿಯ ಕಥೆ ಕೇಳಿ. ಜಗತ್ತಿನ ಅತಿ ದೊಡ್ಡ ಹಡಗು ಸಾಗಣೆ ಕಂಪನಿಗಳಲ್ಲಿ ಒಂದು. 2017ರ ಜೂನ್ 27ರಂದು 'ನಾಟ್‌ಪೆಟ್ಯಾ' ಎಂಬ ದಾಳಿಯಲ್ಲಿ ಅದರ ಕಂಪ್ಯೂಟರುಗಳು ಒಂದರ ಹಿಂದೆ ಒಂದು ಕಪ್ಪಾದವು. ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅವರ ಟರ್ಮಿನಲ್ಲಿನ ಕೆಲಸವೂ ನಿಂತಿತು. ಯಾವ ಕಂಪ್ಯೂಟರ್ ಯಾವುದು, ಯಾರಿಗೆ ಏನು ಅನುಮತಿ ಎಂಬ ಮೂಲ ಪಟ್ಟಿಯನ್ನು ಇಟ್ಟುಕೊಳ್ಳುವ ವಿಶೇಷ ಸರ್ವರುಗಳು ಜಗತ್ತಿನ ಬೇರೆ ಬೇರೆ ಕಡೆ ಇದ್ದವು. ಪ್ರತಿಯೊಂದೂ ಇನ್ನೊಂದರ ನಕಲು, ಹಾಗಾಗಿ ಹಾಳಾಗುವುದಿಲ್ಲ ಅಂತ ಧೈರ್ಯ. ಆದರೆ ಎಲ್ಲವೂ ಒಂದಕ್ಕೊಂದು ಜೋಡಿಸಿಕೊಂಡಿದ್ದರಿಂದ ಎಲ್ಲವೂ ಒಟ್ಟಿಗೇ ಹಾಳಾದವು, ಒಂದನ್ನು ಬಿಟ್ಟು. ಆಫ್ರಿಕಾದ ಘಾನಾ ದೇಶದಲ್ಲಿದ್ದ ಸರ್ವರ್ ಉಳಿಯಿತು. ಕಾರಣ? ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಆ ಒಂದು ಪ್ರತಿಯನ್ನು ಹಿಡಿದುಕೊಂಡು ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಕಂಪ್ಯೂಟರುಗಳನ್ನೂ ಮತ್ತೆ ಕಟ್ಟಿದರು. ಕರೆಂಟು ಹೋದಾಗ ಬೈಯುವ ನಮಗೆಲ್ಲ ಇದು ಬಹಳ ಇಷ್ಟವಾಗುವ ಕಥೆ.

ಇದನ್ನು ಅಂಗಡಿಗೆ ಹೊಂದಿಸಿ. ಫೋನಿನ ಫೋಟೋ, ಲೆಕ್ಕ ಎಲ್ಲ ಮೇಲೆ ಕ್ಲೌಡಿನಲ್ಲಿ ತಾನಾಗಿ ಸೇರುತ್ತದೆ, ಸಾಕಲ್ಲ ಅಂತ ಅನಿಸುತ್ತದೆ. ಆದರೆ ಫೋನಿನಲ್ಲಿ ಅಳಿಸಿದರೆ ಅಲ್ಲಿಯೂ ಅಳಿಸಿ ಹೋಗುವ ವ್ಯವಸ್ಥೆ ಅದಾಗಿದ್ದರೆ ಅದು ನಕಲಲ್ಲ, ಕನ್ನಡಿ. ಕನ್ನಡಿಯ ಮುಂದಿನ ಮಡಕೆ ಒಡೆದರೆ ಕನ್ನಡಿಯೊಳಗಿನದ್ದೂ ಒಡೆಯುತ್ತದೆ. ಬಲ್ಲವರು ಹೇಳುವ ಲೆಕ್ಕ 3, 2, 1: ಮೂರು ಪ್ರತಿ, ಎರಡು ಬೇರೆ ಬಗೆಯ ವಸ್ತುಗಳಲ್ಲಿ, ಒಂದು ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಕ್ಲೌಡಿನಲ್ಲೋ ಅಜ್ಜನ ಮನೆಯ ಕಪಾಟಿನಲ್ಲೋ ಇನ್ನೊಂದು. ಪೆನ್‌ಡ್ರೈವನ್ನು ಕೆಲಸ ಮುಗಿದ ಕೂಡಲೇ ಕಿತ್ತು ತೆಗೆಯಬೇಕು. ಸದಾ ಚುಚ್ಚಿಯೇ ಇಟ್ಟರೆ ಸಿಡಿಲೂ ಕಳ್ಳನೂ ಅದನ್ನೂ ತಿನ್ನುತ್ತಾರೆ. ಮತ್ತೆ, ತಿಂಗಳಿಗೊಮ್ಮೆ ಆ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ನಕಲನ್ನು ಆರು ತಿಂಗಳು ಜೋಪಾನ ಮಾಡಿ ಏನು ಪ್ರಯೋಜನ?

ನನ್ನನ್ನು ಕೇಳಿದರೆ ಕಾಗದವನ್ನೂ ಬಿಡಬೇಡಿ ಅಂತ ಹೇಳ್ತೇನೆ. ದಿನದ ಕೊನೆಗೆ ಯಾರ ಸಾಲ ಎಷ್ಟು ಅಂತ ಒಂದು ಪುಟ ಬರೆದಿಡಲು ಹತ್ತು ನಿಮಿಷ ಸಾಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು. ಆ ದಿನ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು, ವಿಮಾನಗಳು ಹಾರಿದವು. ಅದೇ ತಿಂಗಳ ಕೊನೆಗೆ, ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಯ ಮೇಲೆ ದಾಳಿ ನಡೆದು, ರೋಗ ಹರಡದಂತೆ ಆ ಕಂಪನಿಯನ್ನು ಪಾವತಿ ಜಾಲದಿಂದ ಬೇರ್ಪಡಿಸಬೇಕಾಯಿತು. ಸುಮಾರು 300 ಸಣ್ಣ ಬ್ಯಾಂಕುಗಳ, ಅಂದ್ರೆ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಸಿಗಲಿಲ್ಲ. ಅಂಗಡಿಯ ಖಾತೆ ಅಂಥ ಒಂದೇ ಬ್ಯಾಂಕಿನಲ್ಲಿದ್ದರೆ ಆ ದಿನ ಏನು ಮಾಡುವುದು? ಇನ್ನೊಂದು ಬ್ಯಾಂಕಿನಲ್ಲಿ ಒಂದು ಸಣ್ಣ ಖಾತೆ, ಗಲ್ಲಾಪೆಟ್ಟಿಗೆಯಲ್ಲಿ ಸ್ವಲ್ಪ ಚಿಲ್ಲರೆ ಇದ್ದರೆ ವ್ಯಾಪಾರ ನಡೆಯುತ್ತದೆ.

ಇನ್ನು ಅಂಗಡಿಯ ಮುಂದೆ ಅಂಟಿಸಿದ ಆ ಚೌಕುಳಿ ಚಿತ್ರಕ್ಕೆ ಬರೋಣ. ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೋ ವೇವ್ ಕಂಪನಿ ರೂಪಿಸಿತು, ಕಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಅದರಲ್ಲಿ ಮಾಹಿತಿಯ ಜೊತೆಗೆ ತಪ್ಪು ತಿದ್ದುವ ಗಣಿತವನ್ನೂ ಸೇರಿಸಿರುತ್ತಾರೆ. ಅತಿ ಹೆಚ್ಚಿನ ಮಟ್ಟದಲ್ಲಿ ಸುಮಾರು 30 ಶೇಕಡಾ ಹಾಳಾದರೂ ಓದಬಹುದು. ಎಣ್ಣೆ ಕೈ ತಾಗಿದ ಸ್ಟಿಕ್ಕರ್ ಕೂಡ ಕೆಲಸ ಮಾಡುವುದು ಅದಕ್ಕೇ. ಆದರೆ ಅದರ ದೊಡ್ಡ ದೌರ್ಬಲ್ಯ ಅಂದ್ರೆ ಮನುಷ್ಯರ ಕಣ್ಣಿಗೆ ಅದು ಓದಲು ಬರುವುದಿಲ್ಲ. ನಿಮ್ಮ ಅಂಗಡಿಯ ಕೋಡೂ ಕಳ್ಳನ ಕೋಡೂ ನೋಡಲು ಒಂದೇ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೋದಲ್ಲಿ ರಾತ್ರಿ ಯಾರೋ ಹಲವು ಅಂಗಡಿಗಳ ಕೋಡಿನ ಮೇಲೆ ತಮ್ಮ ಕೋಡನ್ನು ಅಂಟಿಸಿ ಹೋದರು. ಬೆಳಗ್ಗೆ ಗಿರಾಕಿಗಳು ಕೊಟ್ಟ ಹಣ ಬೇರೆ ಖಾತೆಗೆ ಹೋಯಿತು. ಸ್ಕ್ಯಾನ್ ಮಾಡಿದಾಗ ಬೇರೆ ಹೆಸರು ಕಂಡದ್ದರಿಂದ ಗುಟ್ಟು ಬಯಲಾಯಿತು.

ಹಾಗಾಗಿ ಶಾಲೆಗೆ ಹೊರಡುವ ಮೊದಲು ನಿಮ್ಮ ಇನ್ನೊಂದು ಫೋನಿನಿಂದ ಅಂಗಡಿಯ ಕೋಡನ್ನು ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿ. ಗಿರಾಕಿ ತೋರಿಸುವ ಹಸಿರು ಟಿಕ್ಕಿನ ಪರದೆಯನ್ನು ನಂಬಬೇಡಿ, ಅಂಥ ಪರದೆಯನ್ನು ತೋರಿಸುವ ನಕಲಿ ಆ್ಯಪ್‌ಗಳು ಉಂಟು. ನಮ್ಮ ಫೋನಿಗೆ ಅಥವಾ ಮಾತಾಡುವ ಪೆಟ್ಟಿಗೆಗೆ ಬಂದದ್ದೇ ಲೆಕ್ಕ. ಯುಪಿಐ ಪಿನ್ ಒತ್ತಬೇಕಾಗುವುದು ಹಣ ನಮ್ಮಿಂದ ಹೋಗುವಾಗ. ಹಣ ಬರಲಿಕ್ಕೆ ಪಿನ್ ಬೇಡವೇ ಬೇಡ. "ನಿಮಗೆ ಹಣ ಕಳಿಸಿದ್ದೇವೆ, ಪಿನ್ ಒತ್ತಿ ಪಡೆದುಕೊಳ್ಳಿ" ಅಂತ ಯಾರು ಹೇಳಿದರೂ ಅವರು ಕಳ್ಳರೇ.

ಗಡಿನಾಡಿನ ನಮಗೆ ಇಲ್ಲೊಂದು ಹೆಚ್ಚಿನ ಕಷ್ಟ ಉಂಟು. ಕಾಸರಗೋಡಿನಲ್ಲಿ ಮೆಸೇಜು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ, ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ರಾಯದುರ್ಗದಲ್ಲಿ ತೆಲುಗು. ಕನ್ನಡ ಮಾತ್ರ ಓದಲು ಬರುವ ಅಜ್ಜಿ ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದರೆ ಹಣ ಬಂತೋ ಹೋಯಿತೋ ಎಂಬುದೇ ತಿಳಿಯುವುದಿಲ್ಲ. ಫೋನಿನ ಇನ್ನೊಂದು ಕಡೆಯವ ನಯವಾಗಿ ಹೇಳಿದಂತೆ ಅವರು ಒತ್ತುತ್ತಾರೆ. ಇದಕ್ಕೆ ಮದ್ದು ನಿಮ್ಮ ಕೈಯಲ್ಲಿದೆ. ಭೀಮ್, ಫೋನ್‌ಪೇ, ಗೂಗಲ್ ಪೇಗಳಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಬಹುದು. ಸೆಟ್ಟಿಂಗಿಗೆ ಹೋಗಿ ಬದಲಿಸಿ, ಅಜ್ಜಿಯನ್ನು ಕೂರಿಸಿ 'ಕಳುಹಿಸಲಾಗಿದೆ', 'ಸ್ವೀಕರಿಸಲಾಗಿದೆ' ಎಂಬ ಎರಡು ಶಬ್ದಗಳನ್ನು ತೋರಿಸಿ. ಮಾತಾಡುವ ಪೆಟ್ಟಿಗೆ ತರುವಾಗಲೂ ಕನ್ನಡ ಉಂಟಾ ಅಂತ ಕೇಳಿ ಹಾಕಿಸಿಕೊಳ್ಳಿ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಹಣ ಬರಲು ಪಿನ್ ಬೇಡ' ಎಂದು ಬರೆದು ಗಲ್ಲಾಪೆಟ್ಟಿಗೆಯ ಎದುರು ಅಂಟಿಸಿ. ಅದರ ಕೆಳಗೇ 1930 ಎಂದು ಬರೆಯಿರಿ. ಅದು ದೇಶಕ್ಕೆಲ್ಲ ಒಂದೇ ಆದ ಸೈಬರ್ ವಂಚನೆಯ ಸಹಾಯವಾಣಿ. ಹಣ ಹೋದದ್ದು ಗೊತ್ತಾದ ಕೂಡಲೇ, ನಾಚಿಕೆಪಟ್ಟು ಕೂರದೆ, ಅಲ್ಲಿಗೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುವ ಮೊದಲು ಅದನ್ನು ತಡೆಹಿಡಿಯುವ ಸಾಧ್ಯತೆ ಇರುವುದು ಮೊದಲ ಕೆಲವು ಗಂಟೆಗಳಲ್ಲೇ.

ಈ ತಿಂಗಳು ಮಾಡಿ ನೋಡಲು ಒಂದು ಪ್ರಯೋಗ. ಮನೆಯವರ ಒಪ್ಪಿಗೆ ಕೇಳಿ, ಗಿರಾಕಿ ಕಡಿಮೆ ಇರುವ ಒಂದು ಗಂಟೆ ಅಂಗಡಿಯ ಫೋನನ್ನೂ ಕಂಪ್ಯೂಟರನ್ನೂ ಪೂರ್ತಿ ಆಫ್ ಮಾಡಿ. ಮೊದಲು ನಿಂತ ಕೆಲಸ ಯಾವುದು? ಯಾವ ನಂಬರು ಬೇಕಾಗಿ ಸಿಗಲಿಲ್ಲ? ಯಾವ ಗಿರಾಕಿಗೆ ಚಿಲ್ಲರೆ ಕೊಡಲು ಆಗಲಿಲ್ಲ? ಯಾವ ವಸ್ತುವಿನ ದರ ಯಾರಿಗೂ ಬಾಯಿಪಾಠ ಇರಲಿಲ್ಲ? ಕೂತು ಬರೆದಿಡಿ. ಗಂಟೆ ಮುಗಿದ ಮೇಲೆ ಫೋನು ಆನ್ ಮಾಡಿ, ಆ ಪಟ್ಟಿಯ ಮೊದಲನೆಯದರಿಂದ ಕೆಲಸ ಶುರು ಮಾಡಿ.